ಕ್ಲಾರಿಯ ಕಾರಿನ ಎಡಬಾಗಿಲು

ನಮ್ಮ ವಿನ್ಯಾರ್ಡ್ ಊರಿನ ಗೆಳೆಯರೇ, ಬರ್ನಿಯಿಂದಲೂ ಡೆವನ್‌ಪೋರ್ಟಿನಿಂದಲೂ ಈ ಗಾಳಿಯಲ್ಲಿ ಗಾಡಿಯ ಬಟ್ಟೆ ಟಾಪ್ ಇಳಿಸಿಕೊಂಡೇ ಬಂದಿರುವ ನಮ್ಮ ಹಳೇ ಕನ್ವರ್ಟಿಬಲ್ ಸಂಘದ ಸದಸ್ಯರೇ, ಮುಂದಿನ ಸಾಲಿನಲ್ಲಿ ಕೂತಿರುವ ಕ್ಲಾರಿಯ ಮಗಳು ಜೆನೀನ್ — ಎಲ್ಲರಿಗೂ ನಮಸ್ಕಾರ. ನಾನು ಗ್ಲೆನಿಸ್ ಬ್ರಾಮಿಚ್. ಹದಿನೇಳು ವರ್ಷದಿಂದ ಈ ಸಂಘದ ಕಾರ್ಯದರ್ಶಿ. ಅಂದರೆ ಚಹಾ ಮಾಡುವವಳು. — ನಗಬಹುದು, ಪರವಾಗಿಲ್ಲ. ಕ್ಲಾರಿ ಇದ್ದಿದ್ದರೆ ಎಲ್ಲರಿಗಿಂತ ಮೊದಲು ಅವನೇ ನಗುತ್ತಿದ್ದ.

ಶ್ರೀ ಕ್ಲಾರೆನ್ಸ್ ವೌಟಿನ್ ಅವರು ಕಳೆದ ಶುಕ್ರವಾರ ಬೆಳಿಗ್ಗೆ, ಎಂಬತ್ತೊಂದನೆಯ ವಯಸ್ಸಿನಲ್ಲಿ, ಹಿತ್ತಲಲ್ಲಿ ಆಲೂಗಡ್ಡೆ ಅಗೆಯುತ್ತಿದ್ದಾಗ ನಮ್ಮನ್ನು ಅಗಲಿದರು. ಇಷ್ಟು ಗೌರವದ ಮಾತು ಸಾಕು. ಇನ್ನು ಮುಂದೆ ಅವನು ಬರೀ ಕ್ಲಾರಿ.

ಇಲ್ಲಿರುವ ಯಾರ ಗಾಡಿಯಲ್ಲಿ ಕ್ಲಾರಿಯ ಮಾತಿಲ್ಲ ಹೇಳಿ? ಒದ್ದೆ ಟಾಪ್ ಮಡಚಬೇಡ, ಬೂಸ್ಟು ಹಿಡಿಯುತ್ತೆ. ರಬ್ಬರಿಗೆ ಎಣ್ಣೆ ಹಚ್ಚಬೇಡ, ಪೌಡರ್ ಹಚ್ಚು. ಸಮುದ್ರದ ಕಡೆ ಹೋಗಿ ಬಂದರೆ ಊಟಕ್ಕೆ ಮೊದಲು ಗಾಡಿಯ ಹೊಟ್ಟೆ ತೊಳಿ. ಎಲ್ಲಕ್ಕಿಂತ ದೊಡ್ಡದು — ಮೇಲೆ ಛಾವಣಿಯಿಲ್ಲದ ಗಾಡಿಯ ಜೀವವೆಲ್ಲ ಬಾಗಿಲ ಕೆಳಗಿನ ಉಕ್ಕಿನ ಪಟ್ಟಿಯಲ್ಲಿದೆ. ತುಕ್ಕು ಹಿಡಿದ ಪಟ್ಟಿಯನ್ನು ಕತ್ತರಿಸಿ ಬದಲಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಸರಳು ಕೊಟ್ಟು ಬೆಸೆಯಬೇಕು, ಇಲ್ಲದಿದ್ದರೆ ಗಾಡಿ ನಡುವಲ್ಲಿ ಬಗ್ಗುತ್ತೆ.

ನನ್ನ ಗಂಡ ಬೆವನ್ ಸರಳು ಕೊಡಲಿಲ್ಲ. ಎರಡೂ ಕಡೆ ಒಟ್ಟಿಗೆ ಕತ್ತರಿಸಿ, ಹೆಮ್ಮೆಯಿಂದ ಕ್ಲಾರಿಯನ್ನು ಕರೆದ. ಕ್ಲಾರಿ ಬಂದ. ಹೀಗೆ — ಸೊಂಟದ ಮೇಲೆ ಕೈಯಿಟ್ಟು — ಒಂದು ಸುತ್ತು ಹಾಕಿದ.

"ಬೆವನ್, ನಿನ್ ಹತ್ರ ಒಂದು ಕಾರಿತ್ತಲ್ಲ, ಎಲ್ಲಿ?"

"ಇದೇ ಅಲ್ವೇನೋ?"

"ಇದು ಬಾಳೆಹಣ್ಣು ಕಣೋ."

ಆ ಬಾಳೆಹಣ್ಣನ್ನು ನೆಟ್ಟಗೆ ಮಾಡಲು ಇಬ್ಬರೂ ಎರಡು ವರ್ಷ ಒದ್ದಾಡಿದರು.

ಅವನ ಜೇಬಿನಲ್ಲಿ ಸದಾ ಒಂದು ಐಸ್‌ಕ್ರೀಮ್ ಕಡ್ಡಿ ಇರುತ್ತಿತ್ತು. ಬಾಗಿಲಿಗೂ ಬಾಡಿಗೂ ನಡುವಿನ ಸಂದಿನಲ್ಲಿ ಮೇಲಿಂದ ಅದನ್ನು ಇಳಿಬಿಡುತ್ತಿದ್ದ. ಸಲೀಸಾಗಿ ಇಳಿದರೆ ಗಾಡಿ ನೆಟ್ಟಗಿದೆ. ಸಿಕ್ಕಿಹಾಕಿಕೊಂಡರೆ, ಒಂದೋ ಉಕ್ಕು ತುಕ್ಕು ಹಿಡಿದಿದೆ, ಇಲ್ಲವೇ ಸೀಟಿನಲ್ಲಿ ಯಾರೋ ಕೂತಿದ್ದಾರೆ. ಕೂತವರ ಭಾರಕ್ಕೆ ಗಾಡಿ ಒಂದು ಎಳೆಯಷ್ಟು ಬಗ್ಗುತ್ತೆ. ಅದಕ್ಕೇ ಅಳೆಯುವಾಗ ಎಲ್ಲರನ್ನೂ ಇಳಿಸುತ್ತಿದ್ದ.

ಕ್ಲಾರಿಯ ಹೆಂಡತಿ ಎನಿಡ್ ತೀರಿಕೊಂಡು ಹನ್ನೊಂದು ವರ್ಷ. ಅವಳ ಅಂತ್ಯಕ್ರಿಯೆಯ ಮುಂದಿನ ವಾರದಿಂದ ಕ್ಲಾರಿಯ ಸ್ವಂತ ಗಾಡಿಯ ಎಡಬಾಗಿಲಲ್ಲಿ ಕಡ್ಡಿ ಇಳಿಯಲಿಲ್ಲ. ನಾವು ಬಿಡುತ್ತೇವೆಯೇ? "ಊರಿಗೆಲ್ಲ ಬುದ್ಧಿ ಹೇಳ್ತೀಯ, ನಿನ್ ಬಾಗಿಲೇ ಸರಿಯಿಲ್ಲ" ಎಂದು ರೇಗಿಸಿದ್ದೇ ರೇಗಿಸಿದ್ದು. ಅವನು ತಂಬಾಕಿನ ಪೈಪು ಕಚ್ಚಿಕೊಂಡು ಕಡ್ಡಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ, ಚೆನ್ನಾಗಿ ಬಿಸಿಲಿತ್ತು, ನಾನು ಹಟ ಹಿಡಿದು ಅವನ ಶೆಡ್ಡಿನಲ್ಲಿ ಗಾಡಿಯ ಕೆಳಗೆ ಮಲಗಿ ಪಟ್ಟಿಯನ್ನೆಲ್ಲ ಸುತ್ತಿಗೆಯಿಂದ ತಟ್ಟಿ ನೋಡಿದೆ. ಗಂಟೆಯ ಹಾಗೆ ಸದ್ದು. ಒಂದು ಚೂರೂ ತುಕ್ಕಿಲ್ಲ.

"ಮತ್ಯಾಕೋ ಇಳಿಯಲ್ಲ?" ಅಂದೆ.

"ಖಾಲಿ ಗಾಡಿ ಅಳೀಬೇಕು ಗ್ಲೆನಿಸ್. ಇದು ಖಾಲಿಯಿಲ್ಲ" ಅಂದ. ಆಮೇಲೆ ಎಡ ಸೀಟಿನ ಕಡೆ ತಿರುಗಿ, "ಎನಿಡ್, ಒಂಚೂರು ಇಳಿಯೇ. ಗ್ಲೆನಿಸ್ ನೋಡ್ಬೇಕಂತೆ."

— ಸೀಟಿನ ಸ್ಪ್ರಿಂಗು ಸಣ್ಣಗೆ ಕಿರ್ರೆಂದಿತು. ಕಡ್ಡಿ ನನ್ನ ಕೈಯಲ್ಲೇ ಇತ್ತು. ಸಂದಿಗೆ ಬಿಟ್ಟೆ, ಸರಾಗವಾಗಿ ಕೆಳಗಿನವರೆಗೆ ಇಳಿಯಿತು.

"ಆಯ್ತಾ? ಹತ್ತಮ್ಮಾ" ಅಂದ. ಕಡ್ಡಿಯನ್ನು ಬಾಗಿಲು ಹಿಡಿದುಕೊಂಡಿತು. ಎಳೆದರೆ ಬರಲಿಲ್ಲ. ನಾನು ಚಹಾ ಕುಡಿಯದೆ ಮನೆಗೆ ಓಡಿದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ಇವತ್ತು ಯಾಕೆ ಹೇಳುತ್ತಿದ್ದೇನೆಂದರೆ — ಕಳೆದ ಏಪ್ರಿಲ್‌ನಲ್ಲಿ ನನ್ನ ಬೆವನ್ ಹೋದ. ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು, ಅವತ್ತಿನಿಂದ ನಾನು ದಿನಾ ಬೆಳಿಗ್ಗೆ ನಮ್ಮ ಗಾಡಿಯ ಎಡಬಾಗಿಲಿಗೆ ಕಡ್ಡಿ ಹಾಕಿ ನೋಡಿದೆ. ದಿನಾ. ಹತ್ತು ತಿಂಗಳು. ಸಲೀಸಾಗಿ ಇಳಿಯುತ್ತಿತ್ತು. ನಲವತ್ತನಾಲ್ಕು ವರ್ಷ ಜೊತೆಗಿದ್ದವನು, ಬರಲೇ ಇಲ್ಲ. ನನಗೆ ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಅವಮಾನವಾಗಿತ್ತು.

ಹೋದ ಮಂಗಳವಾರದ ಹಿಂದಿನ ಮಂಗಳವಾರ, ತಡೆಯಲಾರದೆ ಕ್ಲಾರಿಗೆ ಹೇಳಿಬಿಟ್ಟೆ. ಕಾರ್ಬ್ಯುರೇಟರ್ ಕೆಟ್ಟರೆ ಕೇಳುವ ಹಾಗೇ ಕೇಳಿದೆ, ನನ್ನದರಲ್ಲಿ ಏನು ತಪ್ಪಾಗಿದೆ ಅಂತ.

"ಯಾವ ಬಾಗಿಲು ಅಳೀತಿದೀಯ?"

"ಎಡಗಡೇದು. ಈಗ ನಾನೇ ತಾನೇ ಓಡಿಸೋದು."

"ಬೆವನ್ ಬದುಕಿದ್ದಾಗ ಒಂದ್ ದಿನ ಆದ್ರೂ ನಿನ್ ಕೈಗೆ ಸ್ಟೀರಿಂಗ್ ಕೊಟ್ಟಿದ್ನಾ?"

"ಇಲ್ಲ."

ಕ್ಲಾರಿ ಪೈಪು ತೆಗೆದ. "ಅಯ್ಯೋ ಹುಡುಗಿ! ಹತ್ತು ತಿಂಗಳಿಂದ ಅವನ ತೊಡೆ ಮೇಲೆ ಕೂತು ಮಾರ್ಕೆಟ್ಟಿಗೆ ಹೋಗ್ತಿದೀಯಲ್ಲೇ."

— ನಗಿ, ನಗಿ. ನಾನೂ ನಕ್ಕೆ.

ನಮ್ಮ ಶೆಡ್ಡಿಗೆ ಬಂದ. ನನ್ನನ್ನು ಎಡಗಡೆ, ನನ್ನ ಹಳೇ ಜಾಗದಲ್ಲಿ ಕೂರಿಸಿದ. ತಾನು ಹೊರಗೆ ನಿಂತು ಬಲಬಾಗಿಲಿಗೆ ಬಗ್ಗಿದ. ಅವನ ಟೋಪಿ ಅಡ್ಡ ಬಂದು ಕಡ್ಡಿ ನನಗೆ ಕಾಣಲಿಲ್ಲ. ಬಹಳ ಹೊತ್ತು ಬಗ್ಗಿಕೊಂಡೇ ಇದ್ದ. ಆಮೇಲೆ ಎದ್ದು, ಟೋಪಿ ತೆಗೆದು, ಸ್ಟೀರಿಂಗಿನ ಹಿಂದಿನ ಖಾಲಿ ಜಾಗ ನೋಡಿ, "ಏನಪ್ಪಾ ಬೆವನ್, ಹೇಗಿದೀಯ?" ಅಂದ.

ವಿಧವೆಗೆ ಸಮಾಧಾನ ಹೇಳಲು ಸುಳ್ಳಾಡಿದನೇ? ಮೂರು ದಿನ ಅದನ್ನೇ ಯೋಚಿಸಿದೆ. ಕೇಳೋಣವೆಂದು ಶುಕ್ರವಾರ ಹೊರಟರೆ ಅವನ ಮನೆ ಮುಂದೆ ಆಂಬುಲೆನ್ಸ್. ಆದರೆ ಗೆಳೆಯರೇ, ಕಾರಿನ ವಿಷಯದಲ್ಲಿ ಕ್ಲಾರಿ ಯಾರನ್ನಾದರೂ ಸಮಾಧಾನ ಮಾಡಿದ್ದುಂಟೇ? ನಮ್ಮ ಅಧ್ಯಕ್ಷರ ಗಾಡಿಯ ಹೊಸ ಕೆಂಪು ಬಣ್ಣಕ್ಕೆ ಟೊಮೇಟೊ ಸಾಸ್ ಎಂದವನು ಅವನು. ನಾನು ನಂಬುತ್ತೇನೆ. ಈಗ ನಾನು ಗಾಡಿ ಓಡಿಸುವುದಿಲ್ಲ. ಸಂಜೆ ಶೆಡ್ಡಿಗೆ ಹೋಗಿ ಎಡಗಡೆ ಕೂರುತ್ತೇನೆ.

ಜೆನೀನ್, ಈಗ ನಿನಗೊಂದು ಮಾತು. ಈ ಸಭೆ ಮುಗಿದ ಮೇಲೆ ಅಪ್ಪನ ಬೂದಿಯ ಡಬ್ಬಿಯನ್ನು ಎಡ ಸೀಟಿನಲ್ಲಿಟ್ಟು, ನೀನೇ ಅವನ ಗಾಡಿ ಓಡಿಸಿಕೊಂಡು ಬೂದಿ ಬಿಡಲು ನದೀಮುಖಕ್ಕೆ ಹೋಗುವುದಾಗಿ ನೀನು ಹೇಳಿದೆಯಲ್ಲ. ಆಗ ನಾನು ಗಾಡಿಯ ಗಾಜು ಒರೆಸುವ ನೆಪ ಹೇಳಿ ಹೊರಗೆ ಹೋದೆನಲ್ಲ — ಗಾಜು ಒರೆಸಲಿಲ್ಲ. ಅಳೆದೆ. ಎಡಬಾಗಿಲು, ಇಳಿಯಲಿಲ್ಲ. ಅದು ಹೊಸದಲ್ಲ. ಬಲಬಾಗಿಲು — ಹನ್ನೊಂದು ವರ್ಷ ಸಲೀಸಾಗಿ ಇಳಿಯುತ್ತಿದ್ದದ್ದು — ಇಳಿಯಲಿಲ್ಲ. ಗಾಡಿಯ ಹತ್ತಿರ ನನ್ನ ಹೊರತು ಯಾರೂ ಇರಲಿಲ್ಲ.

ನೀನು ನರ್ಸು. ಈ ಮುದುಕಿಗೆ ತಲೆ ಕೆಟ್ಟಿದೆ ಅಂದುಕೋ, ನನಗೆ ಬೇಜಾರಿಲ್ಲ. ಮುಂದಿನ ಎರಡು ಸೀಟಿನಲ್ಲಿ ಮಾತ್ರ ಕೂರಬೇಡ ಮಗಳೇ. ಹಿಂದೆ ಆ ಪುಟ್ಟ ಸೀಟಿದೆಯಲ್ಲ, ದೊಡ್ಡವರ ಕಾಲು ಹಿಡಿಸದ್ದು? ಚಿಕ್ಕವಳಿದ್ದಾಗ ನೀನು ಕೂರುತ್ತಿದ್ದದ್ದು ಅಲ್ಲೇ. ಡಬ್ಬಿ ಹಿಡಿದುಕೊಂಡು ಅಲ್ಲಿ ಕೂತುಕೋ, ಮೊಣಕಾಲು ಗದ್ದಕ್ಕೆ ತಾಗಿದರೆ ತಾಗಲಿ. ರಸ್ತೆ ಸಮತಟ್ಟಾಗಿದೆ, ನಾವೆಲ್ಲ ತಳ್ಳುತ್ತೇವೆ. ಸ್ಟೀರಿಂಗನ್ನು ನಾನು ಹೊರಗಿನಿಂದಲೇ ಕೈ ಹಾಕಿ ಹಿಡಿಯುತ್ತೇನೆ. ಟಾಪ್ ಇಳಿಸಿದ ಗಾಡಿಯಲ್ಲಿ ಅಷ್ಟು ಅನುಕೂಲವಿದೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಟೋಪಿ ತೆಗೆಯಿರಿ. ಕ್ಲಾರಿಗಾಗಿ ಎರಡು ನಿಮಿಷ, ಮಾತಿಲ್ಲದೆ. — ಜೆನೀನ್, ನೀನು ನಿಲ್ಲಬೇಕಾಗಿಲ್ಲ. ಹೊರಗೆ ಅಪ್ಪ ಅಮ್ಮ ಇಬ್ಬರೂ ಕೂತು ಕಾಯುತ್ತಿದ್ದಾರೆ. ನೀನು ಹೋಗಿ ಹತ್ತು. ನಾವು ಮೌನ ಮುಗಿಸಿ ಬರುತ್ತೇವೆ.