ಕೋಳಿಯ ಅಳತೆ ಪುಸ್ತಕ

ಹೇಳಿದ್ನಲ್ಲ ಡಾಕ್ಟರಮ್ಮ, ಕಾಳು. ಬರೀ ಕಾಳು ಮತ್ತೆ ನೀರು. ಬರ್ಕೊಳ್ಳಿ... ಯಾಕೆ, ಪೆನ್ನು ಹಿಡ್ಕೊಂಡು ಹಾಗೇ ಕೂತ್ಬಿಟ್ರಿ? ಕೋಳಿ ಏನು ತಿಂತು ಅಂತ ಕೇಳಿದ್ರಿ, ಹೇಳ್ದೆ. ಚೀಟೀಲಿ ಅದರ ಕೆಳಗೆ ಇನ್ನೂ ಎಷ್ಟೋ ಪ್ರಶ್ನೆ ಇದೆ, ಅವನ್ನ ಕೇಳಿ.

ನಿಧಾನ, ನಿಧಾನ, ಬಟ್ಟೆ ಸಮೇತ ಎತ್ಕೊಳ್ಳಿ. ಕೋಟಿನ ಒಳಗೆ ಹಾಕೋ ಲೈನಿಂಗು ಅದು. ನಲವತ್ತು ವರ್ಷದಿಂದ ದರ್ಜಿ ನಾನು, ಅಂಗಡೀಲಿ ಅದಕ್ಕಿಂತ ನುಣುಪಾದ ಬಟ್ಟೆ ಇಲ್ಲ. ಕೋಳಿಗೆ ಅಂತ ಕತ್ತರಿಸಿದ್ದಲ್ಲ ಮತ್ತೆ. ಕೈಗೆ ಸಿಕ್ತು, ಹೊದಿಸ್ದೆ. ಅಂಚು ಯಾಕೆ ಮುಟ್ಟಿ ನೋಡ್ತಿದ್ದೀರಾ? ಹೊಲಿದಿದ್ದೀನಿ, ಹೌದು... ಕೈಗೆ ಅಭ್ಯಾಸ. ನನಗೂ ಇವಳಿಗೂ ಏನೂ ಸಂಬಂಧ ಇಲ್ಲ, ಕೋಳಿಗಳೆಲ್ಲ ನಮ್ಮ ಮನೆಯವಳದ್ದು. ನಾಲ್ಕಿವೆ. ಮೂರು ಹಿತ್ತಲಲ್ಲಿ ಗುಂಡುಕಲ್ಲಿನ ಹಾಗೆ ಓಡಾಡ್ಕೊಂಡಿವೆ. ಇವಳೊಬ್ಬಳೇ ಹೀಗೆ, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಕೊಂಡು... ಇನ್ಸ್‌ಪೆಕ್ಟರಮ್ಮ ಅಂತ ಕರೀತೀವಿ. ದಿನಾ ಬೆಳಿಗ್ಗೆ ಅಂಗಡಿ ಒಳಗೆ ಬಂದು, ಮಿಷನ್ ಕೆಳಗೆ ಬಿದ್ದ ಒಂದೊಂದು ಚೂರನ್ನೂ ತಲೆ ಓರೆ ಮಾಡಿ ನೋಡಿ, ಕೊನೆಗೆ ನನ್ನನ್ನ ಒಂದ್ಸಲ ದುರುಗುಟ್ಕೊಂಡು ನೋಡಿ ಹೋಗ್ತಿದ್ಲು. ಎಂಥ ಗಿರಾಕಿಗೂ ಹೆದರದವನು, ಇವಳು ಬಂದ್ರೆ ಹೊಲಿಗೆ ನೆಟ್ಟಗೆ ಹಾಕ್ತಿದ್ದೆ.

ನಗಬೇಡಿ ತಾಯಿ. ನಾಲ್ಕು ಗಂಟೆ ಬಸ್ಸಿಗೆ ನಮ್ಮ ಮನೆಯವಳು ಬರ್ತಾಳೆ. ಇಪ್ಪತ್ತೆರಡು ದಿನ ಆಯ್ತು ಹೋಗಿ, ಅವಳ ಅಕ್ಕನಿಗೆ ಮಂಡಿ ಆಪರೇಷನ್ನು. ಇವಳನ್ನ ಮರಿಯಾಗಿದ್ದಾಗ ಮಡಿಲಲ್ಲಿಟ್ಕೊಂಡು ಬದುಕಿಸಿದವಳು ಅವಳು. ಬಸ್ಸು ಇಳಿದವಳು ಮೊದಲು ಹಿತ್ತಲಿಗೆ ಹೋಗ್ತಾಳೆ, ಆಮೇಲೆ ನನ್ನ ಮುಖ ನೋಡ್ತಾಳೆ. ಹಿತ್ತಲಲ್ಲಿ ಮೂರೇ ಇದ್ರೆ... ನನ್ನ ಮುಖ ನೋಡೋದೇ ಇಲ್ಲ. ಕುಣೀಬೇಕು ಅಂತಿಲ್ಲ ಡಾಕ್ಟರಮ್ಮ, ಇವಳು ಎದ್ದು ನಿಂತ್ರೆ ಸಾಕು.

ಹೋಗುವಾಗ ಹತ್ತು ಸಲ ಹೇಳಿದ್ಲು. "ಬೆಳಿಗ್ಗೆ ಗೂಡು ತೆಗೆದ ತಕ್ಷಣ ಒಂದೊಂದರ ಕತ್ತಿನ ಕೆಳಗೂ ಮುಟ್ಟಿ ನೋಡ್ರಿ. ಹಿಂದಿನ ದಿನ ತಿಂದಿದ್ದು ಇಳಿದು ಚೀಲ ಖಾಲಿ ಇರ್ಬೇಕು. ಉಬ್ಬಿದ್ರೆ ಒಂದು ದಿನ ನೋಡಿ, ಎರಡನೇ ದಿನ ಡಾಕ್ಟ್ರ ಹತ್ರ ಓಡಿ." ಅಷ್ಟೇ ರೂಲ್ಸು. ಅದಕ್ಕೇ ಓಡಿ ಬಂದೆ.

ಎರಡನೇ ದಿನಾನೇ. ಸುಮಾರಾಗಿ... ಮೂರು ಅನ್ಕೊಳ್ಳಿ. ಹಾಗೆ ನೋಡಬೇಡಿ. ಆರು.

ಸುಮ್ನೆ ಕೂತಿರಲಿಲ್ಲ ಮತ್ತೆ! ಬೆಳ್ಳುಳ್ಳಿ ನೀರು ಕುಡಿಸ್ದೆ, ನನ್ನ ಮುಖಕ್ಕೇ ಸೀನಿದ್ಲು. ಎರಡು ಹನಿ ಎಣ್ಣೆ ಹಾಕಿ ಕತ್ತು ನೀವ್ದೆ. ಬೇರೆ ಮೂರರಿಂದ ದೂರ, ಇಸ್ತ್ರಿ ಮೇಜಿನ ಪಕ್ಕ ಬೆಚ್ಚಗೆ ಬುಟ್ಟಿ ಇಟ್ಟೆ. ಪಕ್ಕದ ಕಟಿಂಗ್ ಶಾಪಿನವನು, ತಲೆಕೆಳಗು ಮಾಡಿ ಕೊಡವಿ, ಎಲ್ಲ ಈಚೆ ಬರುತ್ತೆ ಅಂದ. ಅವನನ್ನೇ ಕೊಡವಬೇಕು ಅನ್ನಿಸ್ತು. ಹಾಗೆ ಮಾಡಿದ್ರೆ ಉಸಿರು ಕಟ್ಟುತ್ತಂತಲ್ಲ? ನೋಡಿ, ತಲೆ ಆಡಿಸಿದ್ರಿ. ಅಷ್ಟು ಬುದ್ಧಿ ನನಗಿದೆ.

ಬಾಯಿ ಯಾಕೆ ಮೂಸ್ತಿದ್ದೀರಾ? ಹುಳಿ ವಾಸನೇನಾ... ಹೂಂ. ನಿನ್ನೆಯಿಂದ ಇದೆ. ಕಾಳು ಹುಳಿ ಬರಲ್ವಾ?

ಪೆನ್ನು ಇನ್ನೂ ಅಲ್ಲೇ ಇದೆ ನಿಮ್ದು. ಅದೇ ಪ್ರಶ್ನೆ ಮೇಲೆ.

ಬೇರೆ ಎಲ್ಲಾ ಲೆಕ್ಕಾಚಾರ ಪಕ್ಕಾ ಇದೆ, ಬೇಕಾದ್ರೆ ಅದನ್ನ ಬರ್ಕೊಳ್ಳಿ. ಇಗೋ, ಅಳತೆ ಪುಸ್ತಕ. ದಿನಾ ಟೇಪು ಹಿಡಿದು ಇವಳ ಎದೆ ಅಳೆದಿದ್ದೀನಿ. ದರ್ಜಿ ಇನ್ನೇನು ಮಾಡ್ತಾನೆ? ನೋಡಿ ಇಲ್ಲಿ, ಮೊದಲ ದಿನ ಹದಿಮೂರು ಇಂಚು. ವಾರಕ್ಕೆ ಹದಿಮೂರೂವರೆ. ಆಮೇಲೆ ಹದಿನಾಲ್ಕು. ಫೋನಲ್ಲಿ ಹೇಳಿದ್ದೆ ಅವಳಿಗೆ, ನಿನ್ನ ಇನ್ಸ್‌ಪೆಕ್ಟರಮ್ಮ ಎದೆ ತುಂಬ್ಕೊಂಡು ಬರ್ತಿದಾಳೆ, ನಾನು ಹಾಗೆ ನೋಡ್ಕೊಳ್ತಿದ್ದೀನಿ ಅಂತ. ಎಷ್ಟು ಖುಷಿಪಟ್ಲು! ಮೈ ಬರ್ತಿದೆ ಅಂತಿದ್ದೆ ನಾನು... ಚೀಲ ಕಟ್ಕೊಳ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

ಪುಟ ತಿರುಗಿಸೋದೇನೂ ಬೇಡ, ಅಷ್ಟೇ ಇರೋದು. ಪಕ್ಕದ ಸಾಲು? ಅದು ಸೊಂಟ. ಅದೂ ಇವಳದ್ದೇ.

ಹೌದು, ಕೋಳಿ ಸೊಂಟಾನೇ. ನಲವತ್ತು, ನಲವತ್ತೂವರೆ, ನಲವತ್ತೊಂದೂವರೆ...

ಮಾತಾಡಿ ಡಾಕ್ಟರಮ್ಮ. ಕೋಳಿ ನೋಡ್ತೀರಾ, ಪುಸ್ತಕ ನೋಡ್ತೀರಾ, ಮತ್ತೆ ಕೋಳಿ ನೋಡ್ತೀರಾ... ಹದಿನಾಲ್ಕು ಇಂಚು ಎದೆಗೆ ನಲವತ್ತೊಂದೂವರೆ ಸೊಂಟ ಬರಲ್ಲ ಅಂತ ನನಗೂ ಗೊತ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ನಾನಲ್ಲ. ನನ್ನ ಕಡೆ ಯಾಕೆ ನೋಡ್ತೀರಾ? ಕಾಯಿಲೆ ಇವಳಿಗೆ.

ಕತ್ತು ವಾಲಿಸ್ಬಿಟ್ಲಲ್ಲ... ಇನ್ಸ್‌ಪೆಕ್ಟರಮ್ಮ, ಏಯ್, ಇಲ್ನೋಡು, ನಾನು ಕಣೇ. ಡಾಕ್ಟರಮ್ಮ, ಏನಾದ್ರೂ ಮಾಡಿ. ಯಾಕೆ ಕಾಯ್ತಿದ್ದೀರಾ? ಏನಕ್ಕೆ ಕಾಯ್ತಿದ್ದೀರಾ?

ಬ್ರೆಡ್ಡು.

ಬರ್ಕೊಳ್ಳಿ. ಗೋಧಿ ಬ್ರೆಡ್ಡು, ಹಾಲಲ್ಲಿ ನೆನೆಸಿದ್ದು, ದಿನಕ್ಕೆ ನಾಲ್ಕು ಹೋಳು. ನನಗೆ ಅಂತ ಮನೆಯವಳು ಹಾಲಿನವನಿಗೆ ಹೇಳಿ ಹೋಗಿದ್ಲು. ನಮ್ಮ ಡಾಕ್ಟ್ರು ಹೊಟ್ಟೆ ಇಳಿಸು ಅಂದಿದ್ರು. ಆ ಬ್ರೆಡ್ಡು ತಿಂದಿದ್ದೀರಾ ನೀವು? ಕೋಟಿನ ಕಾಲರಿಗೆ ಹಾಕೋ ಕ್ಯಾನ್ವಾಸು ಅದಕ್ಕಿಂತ ರುಚಿಯಾಗಿರುತ್ತೆ. ಮೊದಲ ದಿನ ಒಂದು ಚೂರು ಕೆಳಗೆ ಬಿತ್ತು, ಇವಳು ತಿಂದ್ಲು, ನನ್ನ ಕಡೆ ನೋಡಿದ್ಲು. ಮೊದಲನೇ ಸಲ ದುರುಗುಟ್ಟದೆ ನೋಡಿದ್ಲು. ಏನು ಮಾಡ್ಲಿ? ಮನೇಲಿ ಮಾತಾಡೋಕೆ ಇನ್ಯಾರಿದ್ರು? ಇವಳಿಗೆ ಬ್ರೆಡ್ಡು ಹಾಕ್ತಿದ್ದೆ, ನಾನು ಬೇಕರಿಯಿಂದ ಕ್ರೀಮ್ ಬನ್ನು ತರ್ತಿದ್ದೆ. ಇಬ್ಬರೂ ಕೂತ್ಕೊಂಡು ತಿಂತಿದ್ವಿ. ಭಾನುವಾರ ಮನೆಯವಳು ಫೋನ್ ಮಾಡಿ ಸೊಂಟ ಎಷ್ಟು ಅಂತ ಕೇಳೋಳು, ಮೂವತ್ತೊಂಬತ್ತು ಅಂತಿದ್ದೆ. ಮುಂದಿನ ವಾರ ಮೂವತ್ತೆಂಟೂವರೆ. ಫೋನಲ್ಲಿ ಸೊಂಟ ಕಾಣಲ್ಲವಲ್ಲ.

ಅದಕ್ಕೇ ಆರು ದಿನ ಬರಲಿಲ್ಲ ನಾನು. ಬಂದ್ರೆ ನೀವು ಇದೇ ಕೇಳ್ತೀರಾ, ಆ ಚೀಟಿ ಮನೆಗೆ ಹೋಗುತ್ತೆ, ಅವಳು ಓದ್ತಾಳೆ. ನನ್ನ ಒಂದು ಸುಳ್ಳು ಮುಚ್ಚಿಡೋಕೆ ಇವಳನ್ನ ಬುಟ್ಟೀಲಿ ಮುಚ್ಚಿಟ್ಟೆ. ನಾಚಿಕೆ ಆಗುತ್ತೆ ತಾಯಿ. ಬರ್ಕೊಳ್ಳಿ, ದೊಡ್ಡ ಅಕ್ಷರದಲ್ಲೇ ಬರ್ಕೊಳ್ಳಿ. ಇವಳು ಬದುಕ್ಲಿ, ನನ್ನ ಸೊಂಟ ಊರಿಗೆಲ್ಲ ಗೊತ್ತಾಗ್ಲಿ.

ಈಗ ಎದ್ರಿ ನೋಡಿ. ಇಷ್ಟಕ್ಕೇ ಕಾಯ್ತಿದ್ರಾ? ಆ ನಳಿಗೆ... ಬಾಯೊಳಗಾ? ನಾನು ಆ ಕಡೆ ತಿರುಗ್ತೀನಿ. ಇಲ್ಲ, ತಿರುಗಲ್ಲ, ಕಾಲು ಹಿಡ್ಕೊಳ್ತೀನಿ. ಆಯ್ತು, ಆಯ್ತು ಕಣೇ... ಅಯ್ಯಪ್ಪಾ, ಎಷ್ಟು ಬಂತು. ಪೂರ್ತಿ ಬ್ರೆಡ್ಡೇ.

ಡಾಕ್ಟರಮ್ಮ, ಒಂದು ಕಣ್ಣು ಬಿಟ್ಲು. ನನ್ನನ್ನೇ ದುರುಗುಟ್ತಿದಾಳೆ. ಬೈಯಮ್ಮ, ಎಷ್ಟು ಬೇಕಾದ್ರೂ ಬೈ.

ಔಷಧಿ ಬೆಳಿಗ್ಗೆ ಸಂಜೆ, ಇವತ್ತೆಲ್ಲ ಬರೀ ನೀರು. ಗೊತ್ತಾಯ್ತು. ಬ್ರೆಡ್ಡು ಬೇಡ, ಅದೂ ಗೊತ್ತಾಯ್ತು. ಆ ಪುಸ್ತಕ ಕೊಡಿ ಈಚೆ. ನಾಲ್ಕು ಗಂಟೆಗೆ ನಾನೇ ಬಸ್ ಸ್ಟಾಂಡಿಗೆ ಹೋಗಿ ಅವಳ ಕೈಗೆ ಕೊಡ್ತೀನಿ. ಹದಿಮೂರು, ಹದಿನಾಲ್ಕು, ನಲವತ್ತೊಂದೂವರೆ, ಎಲ್ಲಾ ಓದ್ಲಿ. ಇನ್ನು ಸುಳ್ಳಿಲ್ಲ.

ಕೊಡಿ ಅಂದ್ನಲ್ಲ. ಯಾಕೆ ಹಿಡ್ಕೊಂಡೇ ಇದ್ದೀರಾ? ನನ್ನ ಅಂಗಿ ಗುಂಡಿ ಕಡೆ ಏನು ನೋಟ?

ಪೆನ್ನು ಕೊಡಿ. ಅದು ಉಸಿರು ಒಳಗೆ ಎಳ್ಕೊಂಡು ಅಳೆದಿದ್ದು. ನಲವತ್ತಮೂರು.