ಕೂಸಿಗೆ ಅರಗದ ಸಕ್ಕರಿ

ಒಂದಾನೊಂದು ಕಾಲದಲ್ಲಿ, ಅಂದರೆ ಇವತ್ತು ಬೆಳಿಗ್ಗೆ ಒಂಬತ್ತಕ್ಕೆ, ಆದೋನಿಯ ಆಸ್ಪತ್ರೆಯೊಂದರಲ್ಲಿ ನಮ್ಮಕ್ಕ ನಾಗಜ್ಯೋತಿಗೆ ಒಬ್ಬ ರಾಜಕುಮಾರಿ ಹುಟ್ಟಿದಳು. ಅಕ್ಕ ನನ್ನಿಂದ ಮೊದಲೇ ಮಾತು ತೆಗೆದುಕೊಂಡಿದ್ದಳು: ಕೂಸಿನ ಬಾಯಿಗೆ ಮೊದಲು ಹೋಗಬೇಕಾದದ್ದು ತಾಯಿಹಾಲು, ಅಜ್ಜಿಯನ್ನು ಒಪ್ಪಿಸುವುದು ನಿನ್ನ ಕೆಲಸ. ಪೆದ್ದಕಡುಬೂರಿನ ನಮ್ಮಜ್ಜಿ ವೀರಬಸಮ್ಮನನ್ನು ಒಪ್ಪಿಸುವುದೆಂದರೆ! ಕರ್ನೂಲಿನ ಹಾಸ್ಟೆಲಿನ ವರಾಂಡದಲ್ಲಿ ನಿಂತು ಅಕ್ಕನ ನಂಬರು ಒತ್ತಿದೆ.

ಹಲೋ... ಯಾರು ಮಾತಾಡಾದು?... ಅಜ್ಜೀನಾ? ಅಕ್ಕನ ಫೋನು ನಿನ್ನ ಕೈಗೆ ಹೆಂಗ ಬಂತು?... ನಾನಬೇ, ಚೇತನಾ!

...ಹಾಂ, ವಿಡಿಯೋ ನೋಡಿದೆ. ಎಷ್ಟು ಸಣ್ಣ ಮೂಗದು!... ನಿನ್ನಂಗಾ? ದೇವರು ಕಾಪಾಡಲಿ!

...ಹಾಲು ಕುಡಿದಳಾ?... ಇನ್ನೂ ಇಲ್ಲಾ? ತಾಸಾಗಾಕ ಬಂತಲ್ಲ!... ಜೇನಾ? ಉಂಗುರ ಅದ್ದಿ ನೆಕ್ಕಿಸ್ತೀಯಾ? ತಡಿ ತಡಿ! ಸಿಸ್ಟರ್ ದಸ್ತಗಿರಮ್ಮ "ಪಾಲು ಪಟ್ಟಂಡಿ", ಹಾಲು ಕುಡಸ್ರಿ ಅಂತ ಹೇಳಿ ಹೋಗಲಿಲ್ಲಾ?... ಆಕಿಗೇನು ಗೊತ್ತು ಅಂತೀಯಾ? ಅಲ್ಲಬೇ, ವರ್ಷ ತುಂಬೋತನ ಕೂಸಿಗೆ ಜೇನು ಮುಟ್ಟಿಸಬಾರದು, ಅದರಾಗ ಜಡ್ಡು ತರೋ ಹುಳ ಇರಬೌದು.

...ಸರೆ, ಬೈಯಬ್ಯಾಡ. ಒಂದು ಕಥಿ ಹೇಳ್ತೀನಿ, ಹೂಂ ಅಂತೀಯಾ?... ಹೂಂ ಅಂದಿ! ಅಂದಮ್ಯಾಲ ಕಥಿ ಮುಗಿಯೋತನ ಕೈಕಾಲು ಆಡಸಂಗಿಲ್ಲ. ನಮಗೆಲ್ಲಾ ನೀನಽ ಹಾಕಿದ ಕಟ್ಟು. ಉಂಗುರ ಕೆಳಗಿಡು.

...ಒಂದೂರಾಗ ಒಬ್ಬಾಕಿ ರಾಣಿ. ಹಡದ ಕೂಡಲೇ ಮಗಳಿಗೆ ಹಾಲಿನ ಬುತ್ತಿ ಕಟ್ಟಿದಳು. ಅದರಾಗ ನೂರಾರು ತರದ ಸಕ್ಕರಿ. ಆದ್ರ ಆ ಸಕ್ಕರಿ ಮಗಳಿಗೆ ಅರಗಂಗಿಲ್ಲ!

...ಹುಚ್ಚಿ ಅಲ್ಲಬೇ ಆ ರಾಣಿ! ಕ್ಲಾಸಿನಾಗ ಮೇಡಂ ಹೇಳಿದಾಗ ನನಗೂ ಹಂಗಽ ಅನಿಸಿತ್ತು. ಮಗಳಿಗಲ್ಲಂದ್ರ ಮತ್ಯಾರಿಗೆ?... ಹಾಂ, ಕೇಳು ಕೇಳು! ಕೂಸಿನ ಹೊಟ್ಟಿ ಅಂದ್ರ ಆದೋನಿ ಗುಡ್ಡದ ಮ್ಯಾಲಿನ ಕೋಟಿ ಇದ್ದಂಗ. ಈಗಿನ್ನೂ ಖಾಲಿ ಐತಿ. ಕಾವಲುಗಾರರು ಬೇಕಲ್ವಾ? ಅವರು ಕಣ್ಣಿಗೆ ಕಾಣದಷ್ಟು ಸಣ್ಣ ಒಳ್ಳೇ ಹುಳ, ತಾಯಿ ಕಡಿಂದನಽ ಬಂದೋರು. ಆ ಸಕ್ಕರಿ ಅವರ ಊಟ!

...ಕಳ್ಳರಾ? ಜಡ್ಡು ತರೋ ಹುಳಗಳಽ ಕಳ್ಳರು, ಅವರೂ ಬರ್ತಾರ. ಆದ್ರ ಆ ಸಕ್ಕರಿ ಅವರಿಗೆ ದಕ್ಕಾದಿಲ್ಲ. ನಮ್ಮೋರು ಉಂಡು ಉಂಡು ಹೊಟ್ಟಿಯೊಳಗ ಒಂದಿಷ್ಟು ಹುಳಿ ಮಾಡ್ತಾರ. ಆ ಹುಳಿಗೆ ಕಳ್ಳರು ನಿಲ್ಲಾದಿಲ್ಲ, ಓಟ!... ನಗ್ತೀಯಾ? ಅಕ್ಕನೂ ನಗಾಕತ್ತಾಳಾ? ಹೊಲಿಗಿ ಹಾಕ್ಯಾರ, ನಗಿಸಬ್ಯಾಡ ಆಕೀನ!

...ಏನು?... ಹಾಲು ಹಳದಿ ಐತಾ? ಗಟ್ಟಿ ಐತಾ?... ಮೂರು ದಿನ ಹಿಂಡಿ ಚೆಲ್ಲಬೇಕಾ? ಅಯ್ಯೋ, ಆ ಸಕ್ಕರಿ ಎಲ್ಲಕ್ಕಿಂತ ಹೆಚ್ಚು ಇರಾದು ಆ ಹಳದಿ ಹಾಲಿನಾಗಽ!

...ನಿಮ್ಮ ಕಾಲದಾಗ ಚೆಲ್ಲಿದ್ರಿ, ಗೊತ್ತು. ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಹೋದ ತಿಂಗಳು ನಮ್ಮ ಎಮ್ಮಿ ಈದಾಗ, ಸೋಮೇಶ ಮಾಮ ಗಿಣ್ಣದ ಹಾಲು ಪೂರಾ ಕರಕೊಳ್ಳಾಕ ಹೋದ. ನೀನು ಚೆಂಬು ಕಸಗೊಂಡಿ. ಮೊದಲು ಕರುವಿಗೆ, ಅದಿಲ್ಲಂದ್ರ ಕರು ಉಳಿಯಂಗಿಲ್ಲ ಅಂತ ಓಣಿ ತುಂಬ ಒದರಿದಿ. ಹೌದಿಲ್ಲ?... ಗಿಣ್ಣದ ಹಾಲೂ ಹಳದೀನಽ ಅಲ್ವಾ?

...ಏನು ಸಪ್ಪಳದು?... ಅಕ್ಕನ ಬೆನ್ನಿಗೆ ದಿಂಬು ಇಡಾಕತ್ತೀಯಾ! ಅಯ್ಯ, ಕಥಿ ಇನ್ನೂ ಮುಗಿದಿಲ್ಲಬೇ!... ಸುಡುಗಾಡು ಕಥಿ ಆಮ್ಯಾಲ ಹೇಳಬೇಕಾ? ಸರೆ ಸರೆ!

...ಎದಿಗೆ ಹಚ್ಚಿದ್ಯಾ? ಬಾಯಿ ಪೂರಾ ತೆರೀಲಿ, ಬರೇ ತುದಿ ಹಿಡಿದ್ರ ಆಗಂಗಿಲ್ಲ... ಹಾಂ, ಹಾಂ, ಐದು ಹಡದಾಕಿ ನೀನು, ನಾನು ಬರೇ ಪುಸ್ತಕದಾಕಿ. ಬಾಯಿ ಮುಚ್ಚಿದೆ.

...ಅಳ್ತಾಳಲ್ಲ! ಬಿಟ್ಟಳಾ?... ಮತ್ತೊಂದ್ಸಲ ಹಚ್ಚು, ಜಲ್ದಿ ಏನಿಲ್ಲ... ಅಕ್ಕಗ ಅಳಬ್ಯಾಡ ಅನ್ನು...

...ಹಿಡದಳಾ? ಅಜ್ಜಿ, ಆ ಚಪ್ ಚಪ್ ಆಕೀನಾ? ನುಂಗಿದಳಾ?... ಖರೇನಾ? ಖರೇನಾ?

...ಯವ್ವಾ! ಹಾಸ್ಟೆಲಿನೋರೆಲ್ಲಾ ಬಾಗಿಲು ತೆಗೆದು ನೋಡಾಕತ್ತಾರ, ನಾ ಕುಣ್ಯಾಕತ್ತೀನಿ!

...ಹಾಂ? ನನ್ನ ದನಿಗೆ ಬೆದರಿ ಬಿಟ್ಟುಬಿಡ್ತಾಳಾ?... ಸಣ್ಣಗ ಮಾತಾಡ್ತೀನಿ ಬಿಡು... ಅದೂ ಬ್ಯಾಡಾ? ಫೋನು ಇಡಬ್ಯಾಡಬೇ, ಒಂದೇ ಒಂದು ಗುಟುಕು ನನಗೂ ಕೇಳ...