ಸದ್ದು ಕಮ್ಮಿ ಇರೋ ಟೈರು

ಟೈರ್ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಎದುರಿಗೆ ಜಾಕ್ ಮೇಲೆ ಅವರ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು.

"ರೀ, ಯಾವಾಗ್ಲೂ ಹಾಕ್ಸೋ ಹಾಗೆ ಹಿಡಿತ ಜಾಸ್ತಿ ಇರೋ ಟೈರೇ ಹಾಕ್ಸಿ."

"ಬೇಡ. ಈ ಸಲ ಸದ್ದು ಕಮ್ಮಿ ಇರೋದು ಸಾಕು."

"ತಿರುವಲ್ಲಿ ಜಾರಿದ್ರೆ?"

"ನಿಧಾನಕ್ಕೆ ಹೋಗ್ತೀನಿ."

"ನೀವು? ನಿಧಾನಕ್ಕೆ?"

"ನೀನು ಕೂರೋ ಕಡೆ ನನ್ನ ಕಿವಿ ಮಂದ ಆಗಿದೆ ಕಣೇ. ಕಾರಲ್ಲಿ ನೀನು ಹೇಳೋದಕ್ಕೆಲ್ಲ ಸುಮ್ನೆ ಹೂಂಗುಟ್ತಿದ್ದೆ."

"ಗೊತ್ತು. ನಮ್ಮಕ್ಕ ಬಂದು ನಮ್ಜೊತೇಲೇ ಇರ್ಲಿ ಅಂದಿದ್ದಕ್ಕೂ ಹೂಂ ಅಂದಿದೀರ."

ಗಂಡ ಜಾಕ್ ಮೇಲಿದ್ದ ಕಾರಿನ ಕಡೆ ನೋಡಿದರು.

"ಬರ್ಲಿ ಬಿಡು. ಇನ್ನೇನೇನಕ್ಕೆ ಹೂಂ ಅಂದಿದೀನಿ?"

"ಸದ್ದಿಲ್ಲದ ಟೈರೇ ಹಾಕ್ಸಿ. ದಾರೀಲಿ ಹೇಳ್ತೀನಿ."

ಅಂಗಡಿಯವನು ಕರೆದ. ಆಕೆ ಎದ್ದು, ಅವರ ಕೇಳುವ ಕಿವಿಯ ಮಗ್ಗುಲಿಗೆ ಬಂದು, ಕೈ ಹಿಡಿದು, ಏನೋ ಹೇಳುತ್ತಾ ನಡೆದರು.